ಕೂಗಿ ಕರೆಯಲೆಂದೇ ಹುಟ್ಟಿದ ಅಕ್ಷರಗಳು

ಕೌಬಾಯ್ ಪೋಸ್ಟರಿನ ಅಕ್ಷರವನ್ನೂ ರೆಟ್ರೊ ಅಂತೀವಿ, 1970ರ ದಶಕದ ಜಾಹೀರಾತಿನ ಅಕ್ಷರವನ್ನೂ ರೆಟ್ರೊ ಅಂತೀವಿ. ಇವೆರಡರ ನಡುವೆ ಸುಮಾರು ನೂರು ವರ್ಷಗಳ ಅಂತರವಿದೆ. ಆದರೂ ಒಂದೇ ಮನೆತನ: ಸ್ಲ್ಯಾಬ್ ಸೆರಿಫ್. ಗೆರೆಗಳ ತುದಿಯಲ್ಲಿ ದಪ್ಪ ಪಟ್ಟಿ ಇರುವುದೇ ಇದರ ಗುರುತು.

ಶುರುವಾಗಿದ್ದು ಲಂಡನ್ನಿನಲ್ಲಿ, 1815ರ ಆಸುಪಾಸಿನಲ್ಲಿ. ಪುಸ್ತಕಕ್ಕೆಂದು ಕೊರೆದ ಸಣ್ಣ ಗೆರೆಯ ಅಕ್ಷರಗಳು ಬೀದಿಯ ಗೋಡೆಯ ಮೇಲೆ ಕಾಣುತ್ತಿರಲಿಲ್ಲ. ಲಾಟರಿ, ನಾಟಕ, ಹರಾಜಿನವರಿಗೆ ದೂರದಿಂದಲೇ ಕಣ್ಣಿಗೆ ಬೀಳುವ ಅಕ್ಷರ ಬೇಕಿತ್ತು. ಮುದ್ರಣದ ಅಕ್ಷರಗಳನ್ನು ಎರಕ ಹೊಯ್ಯುತ್ತಿದ್ದ ವಿನ್ಸೆಂಟ್ ಫಿಗಿನ್ಸ್ 'ಆಂಟಿಕ್' ಎಂಬ ಹೆಸರಿನಲ್ಲಿ ಅಂಥದ್ದನ್ನು ತಂದ. ಬರೀ ದೊಡ್ಡಕ್ಷರಗಳು (ಕ್ಯಾಪಿಟಲ್), ಎಲ್ಲ ಗೆರೆಯೂ ಹೆಚ್ಚುಕಡಿಮೆ ಒಂದೇ ದಪ್ಪ. ಈಜಿಪ್ಟಿನ ಹುಚ್ಚು ಹಿಡಿದಿದ್ದ ಕಾಲ ಅದು. ಹಾಗಾಗಿ ಈ ಜಾತಿಗೆ 'ಈಜಿಪ್ಶಿಯನ್' ಎಂಬ ಹೆಸರೂ ಅಂಟಿಕೊಂಡಿತು.

ಮುಂದೆ 1845ರಲ್ಲಿ ರಾಬರ್ಟ್ ಬೆಸ್ಲಿಯ ಫೌಂಡ್ರಿಯಿಂದ (ಅಕ್ಷರ ಎರಕ ಹೊಯ್ಯುವ ಕಾರ್ಖಾನೆ) 'ಕ್ಲಾರೆಂಡನ್' ಬಂತು. ತಮಾಷೆ ಅಂದ್ರೆ, ಇದು ಪೋಸ್ಟರಿಗೆ ಮಾಡಿದ್ದೇ ಅಲ್ಲ. ಸಾಮಾನ್ಯ ಅಕ್ಷರಗಳ ನಡುವೆ ಒಂದು ಪದವನ್ನು ಎತ್ತಿ ತೋರಿಸಲು ಮಾಡಿದ್ದು. ಇದರಲ್ಲಿ ಪಟ್ಟಿ ನೇರವಾಗಿ ಬಂದು ಕೂರುವುದಿಲ್ಲ, ಸಣ್ಣ ಬಾಗಿನೊಂದಿಗೆ ಕಾಂಡಕ್ಕೆ, ಅಂದ್ರೆ ಅಕ್ಷರದ ಮುಖ್ಯ ನಿಲುಗೆರೆಗೆ, ಸೇರುತ್ತದೆ. ದೊಡ್ಡಕ್ಷರ ಆರ್‌ನ ಬಲಗಾಲು ನೆಲ ಮುಟ್ಟಿ ಮತ್ತೆ ಮೇಲಕ್ಕೆ ಸುರುಳುತ್ತದೆ. ಬೆಸ್ಲಿ ವಿನ್ಯಾಸವನ್ನು ನೋಂದಾಯಿಸಿದ್ದ, ಆದರೆ ರಕ್ಷಣೆ ಇದ್ದದ್ದು ಮೂರೇ ವರ್ಷ. ಆಮೇಲೆ ಎಲ್ಲರೂ ನಕಲು ಹೊಡೆದರು.

ಪೋಸ್ಟರ್ ರೂಪವನ್ನು ನಿಜವಾಗಿ ಬದಲಿಸಿದ್ದು ಮರ. ಸೀಸದ ದೊಡ್ಡ ಅಚ್ಚುಮೊಳೆಗಳು (ಒಂದೊಂದು ಅಕ್ಷರ ಮುದ್ರಿಸುವ ತುಂಡುಗಳು) ವಿಪರೀತ ಭಾರ, ದುಬಾರಿ. ಎರಕ ಆರುವಾಗ ಮೇಲ್ಮೈ ಏರುಪೇರಾಗುತ್ತಿತ್ತು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯಲು ಶುರು ಮಾಡಿದ. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ (ಒಂದು ಆಕಾರವನ್ನು ಹಿಗ್ಗಿಸಿ, ಕುಗ್ಗಿಸಿ ನಕಲು ಮಾಡುವ ಸಾಧನ) ಜೋಡಿಸಿದ. ಒಂದೇ ಅಚ್ಚಿನಿಂದ ಬೇರೆ ಬೇರೆ ಅಳತೆಯ ಮೊಳೆ ಸಿಗತೊಡಗಿತು. ಹೀಗೆ ಅಗಲದ್ದು, ಕಿರಿದಾದದ್ದು, ಅತಿ ಕಿರಿದಾದದ್ದು ಎಲ್ಲ ಬಂದವು. ಹಳೆ ಪೋಸ್ಟರಿನಲ್ಲಿ ಸಾಲಿಗೊಂದು ಅಗಲದ ಅಕ್ಷರ ಕಾಣುತ್ತದಲ್ವಾ? ಅದು ಸುಮ್ನೆ ಅಲಂಕಾರಕ್ಕಲ್ಲ. ಚಿಕ್ಕ ಪದಕ್ಕೆ ಅಗಲದ ಮೊಳೆ, ಉದ್ದ ಪದಕ್ಕೆ ಕಿರಿದಾದ ಮೊಳೆ ಹಾಕಿ ಪ್ರತಿ ಸಾಲನ್ನೂ ಹಾಳೆಯ ಅಂಚಿನವರೆಗೆ ತುಂಬಿಸುತ್ತಿದ್ದರು. ಕಾಂಡಕ್ಕಿಂತ ಪಟ್ಟಿಯೇ ದಪ್ಪವಾದ 'ಫ್ರೆಂಚ್ ಕ್ಲಾರೆಂಡನ್' ಕೌಬಾಯ್ ಸಿನಿಮಾಗಳ ಗುರುತೇ ಆಯಿತು.

20ನೇ ಶತಮಾನದಲ್ಲಿ ಜರ್ಮನಿಯ 'ಮೆಂಫಿಸ್' (1929), ಬ್ರಿಟನ್ನಿನ 'ರಾಕ್‌ವೆಲ್' (1934) ಇದೇ ರೂಪವನ್ನು ವೃತ್ತ, ನೇರಗೆರೆಗಳ ಲೆಕ್ಕಕ್ಕೆ ತಂದವು. 1970ರ ದಶಕದಲ್ಲಿ ಫೋಟೋಟೈಪ್ (ಮೊಳೆಯ ಬದಲು ಫಿಲ್ಮಿನಿಂದ ಅಕ್ಷರ ಜೋಡಿಸುವ ವಿಧಾನ) ಜಾಸ್ತಿ ಬಳಕೆಗೆ ಬಂದಾಗ ಮೊಳೆಯ ಅಂಚಿನ ಅಡ್ಡಿ ಹೋಯಿತು, ಅಕ್ಷರಗಳು ಒಂದಕ್ಕೊಂದು ತಾಗುವಷ್ಟು ಒತ್ತಾದವು. 'ಲುಬಾಲಿನ್ ಗ್ರಾಫ್', 'ಅಮೆರಿಕನ್ ಟೈಪ್‌ರೈಟರ್' ಎರಡೂ 1974ರವು.

ಈಗಿನ ಎಷ್ಟೋ ರೆಟ್ರೊ ಫಾಂಟ್‌ಗಳಲ್ಲಿ ಸವೆದ ಗೀರು, ಚುಕ್ಕೆಗಳೂ ಜೊತೆಗೇ ಬರುತ್ತವೆ. ನನಗೇನೋ ಅದು ಹಿಡಿಸುವುದಿಲ್ಲ. ಆಗಿನ ಮುದ್ರಕನಿಗೆ ಬೇಕಿದ್ದದ್ದು ಗಾಢವಾದ, ತುಂಬಿದ ಕಪ್ಪು. ಹಳೆಯ ಗುಣ ಬೇಕಿದ್ದರೆ ಅಗಲ ಬದಲಿಸಬಹುದಾದ ವೇರಿಯಬಲ್ ಫಾಂಟ್ ತೆಗೆದುಕೊಂಡು ಸಾಲುಗಳನ್ನು ಅಂಚಿನಿಂದ ಅಂಚಿಗೆ ತುಂಬಿಸಿ ನೋಡಿ.