ತಂತಿಯಲ್ಲೇ ನಗಾರಿ, ತಂತಿಯಲ್ಲೇ ತೋಪು

1673ರಲ್ಲಿ ಹೈನ್ರಿಚ್ ಬೀಬರ್ ಎಂಬ ಪಿಟೀಲು ವಾದಕ ಯುದ್ಧವನ್ನೇ ಸಂಗೀತ ಮಾಡಿದ. ಕೃತಿಯ ಹೆಸರು ‘ಬಟಾಲಿಯಾ’. ಆಗ ಅವನಿದ್ದದ್ದು ಇಂದಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಆಸ್ಥಾನದಲ್ಲಿ. ವಾದ್ಯಗಳು ಮೂರು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ನಾಲ್ಕು ವಯೋಲಾ, ವಯೊಲೋನೆ ಎಂಬ ದಪ್ಪ ದನಿಯ ಎರಡು ದೊಡ್ಡ ವಾದ್ಯ, ಆಧಾರಕ್ಕೆ ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆಯ ತಂತಿವಾದ್ಯ. ನಗಾರಿ ಇಲ್ಲ, ತೋಪಂತೂ ಇಲ್ಲವೇ ಇಲ್ಲ. ಆದರೂ ಎರಡೂ ಕೇಳಿಸುತ್ತವೆ. ಹೇಗೆ?

ಮೊದಲು ಕಮಾನಿನ ಕೆಲಸ ನೋಡೋಣ. ಕಮಾನಿನ ಕೂದಲಿಗೆ ರಾಳ ಸವರಿರುತ್ತಾರೆ. ಅದು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ಇವತ್ತಿನ ಪಿಟೀಲಿನ ‘ಎ’ ತಂತಿಯಲ್ಲಿ ಇದು ಸೆಕೆಂಡಿಗೆ ಸುಮಾರು 440 ಸಲ, ಒಂದೇ ಲಯದಲ್ಲಿ ನಡೆಯುತ್ತದೆ. ಹೀಗೆ ತಪ್ಪದೆ ಮರಳಿ ಬರುವ ಅಲುಗಾಟವನ್ನೇ ನಮ್ಮ ಕಿವಿ ಸ್ವರ ಅನ್ನುತ್ತದೆ. ಆ ಲಯ ಕೆಟ್ಟರೆ ಉಳಿಯುವುದು ಬರೀ ಸದ್ದು.

ಬೀಬರ್ ಬೇಕಂತಲೇ ಕೆಡಿಸಿದ್ದು ಅದನ್ನೇ. ರೋಮನ್ ಯುದ್ಧದೇವತೆಯ ಹೆಸರಿನ ‘ಮಾರ್ಸ್’ ಎಂಬ ಭಾಗದಲ್ಲಿ ವಯೊಲೋನೆಯ ತಂತಿಗೆ ಕಾಗದ ಸಿಕ್ಕಿಸಲು ಹೇಳುತ್ತಾನೆ. ತಂತಿ ಅಲುಗಿದಾಗೆಲ್ಲ ಕಾಗದಕ್ಕೆ ಬಡಿಯುತ್ತದೆ. ಸ್ವರ ಮಂಕಾಗಿ ಚರಚರ ಸದ್ದು ಮೇಲೇಳುತ್ತದೆ, ಥೇಟ್ ಸೈನಿಕರ ನಗಾರಿ! ನಮ್ಮ ತಂಬೂರಿಯಲ್ಲೂ ತಂತಿಯ ಕೆಳಗೆ ದಾರ ಇಡುತ್ತಾರೆ ಅಲ್ವಾ? ಆದರೆ ದಾರ ಸ್ವರವನ್ನು ಇನ್ನಷ್ಟು ತುಂಬಿಸುತ್ತದೆ, ಕಾಗದ ಅದನ್ನು ಅಳಿಸುತ್ತದೆ. ಕಾದಾಟ ಶುರುವಾದ ಮೇಲೆ ಕಮಾನು ಬಿಟ್ಟು ಬೆರಳಿನಿಂದ ತಂತಿಯನ್ನು ಜೋರಾಗಿ ಮೀಟಬೇಕು. ತಂತಿ ಕೆಳಗಿನ ಹಲಗೆಗೆ ಫಟ್ ಅಂತ ಹೊಡೆಯುತ್ತದೆ. ಅದೇ ತೋಪು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಕುಡುಕ ಸಿಪಾಯಿಗಳ ಭಾಗ. ಎಂಟು ಹಾಡುಗಳು ಬೇರೆ ಬೇರೆ ಶ್ರುತಿಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಇಲ್ಲಿ ತಂತಿಗಳ ತಪ್ಪೇನಿಲ್ಲ, ಪ್ರತಿಯೊಂದೂ ಶುದ್ಧ ಸ್ವರವನ್ನೇ ನುಡಿಸುತ್ತಿದೆ. ಕೆಡುವುದು ಕಿವಿಯೊಳಗೆ. 440 ಮತ್ತು 466 ಕಂಪನದ ಎರಡು ಸ್ವರ ಒಟ್ಟಿಗೆ ಬಂದರೆ ಸದ್ದು ಸೆಕೆಂಡಿಗೆ 26 ಸಲ ಏರಿ ಇಳಿಯುತ್ತದೆ. ಎರಡೋ ಮೂರೋ ಸಲ ಆಗಿದ್ದರೆ ಎಣಿಸಬಹುದಿತ್ತು. ಇಷ್ಟು ವೇಗಕ್ಕೆ ಎಣಿಸಲಾಗದೆ ಕಿವಿಗೆ ಬರೀ ಒರಟು ತಟ್ಟುತ್ತದೆ. ಈ ಒರಟುತನಕ್ಕೆ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಜ್ ಇಂಥದ್ದೇ ವಿವರಣೆ ಕೊಟ್ಟದ್ದು 1863ರಲ್ಲಿ, ಬೀಬರ್ ಬರೆದು 190 ವರ್ಷ ಆದಮೇಲೆ.

ಇದು ಕೈತಪ್ಪಿ ಆದದ್ದಲ್ಲ. ಇಲ್ಲಿ ಎಲ್ಲೆಲ್ಲೂ ಅಪಸ್ವರವೇ, ಹೀಗೇ ತಾನೇ ಇವರು ಕಿರುಚುವುದು ಎಂದು ಬೀಬರ್ ಹಾಳೆಯ ಮೇಲೆ ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದಾನೆ. ಈ ಭಾಗ ಇರುವುದೇ ಒಂದು ನಿಮಿಷದ ಆಸುಪಾಸು. ಅದು ಮುಗಿದ ಕೂಡಲೇ ಎಲ್ಲ ವಾದ್ಯಗಳೂ ಒಂದೇ ಶ್ರುತಿಗೆ ಬಂದು ಮುಂದಿನ ಭಾಗಕ್ಕೆ ಓಡುತ್ತವೆ.