ಡಬಲ್ ಡ್ಯಾಶ್ ಏರಿತು ಅಂತ ಫಂಕ್ಷನ್ ಏರಬೇಕಿಲ್ಲ

ಸೆಕೆಂಡ್ ಪಿಯುಸಿ ಮಕ್ಕಳ ಮುಂದೆ ಎಫ್ ಡಬಲ್ ಡ್ಯಾಶ್, ಅಂದರೆ ಎಫ್ ಅನ್ನೋ ಫಂಕ್ಷನ್ನನ್ನು ಎರಡು ಸಲ ಡಿಫರೆನ್ಷಿಯೇಟ್ ಮಾಡಿದಾಗ ಸಿಗೋದು, ಅದರ ಗ್ರಾಫ್ ಬರೆದು, ಎಫ್ ಹೇಗಿದೆ ಹೇಳಿ ಅಂತ ಕೇಳಿ ನೋಡಿ. ಅರ್ಧ ಕ್ಲಾಸು ಬೋರ್ಡ್ ಮೇಲಿನ ಗೆರೆಯನ್ನೇ ಎಫ್ ಅಂದುಕೊಂಡು ಓದುತ್ತದೆ. ಗೆರೆ ಮೇಲೆ ಹೋದರೆ ಇನ್‌ಕ್ರೀಸಿಂಗ್, ಗುಡ್ಡ ಕಂಡರೆ ಮ್ಯಾಕ್ಸಿಮಮ್. ದಡ್ಡರಲ್ಲ ಇವರು, ಎಂಥ ಡಿಫರೆನ್ಷಿಯೇಷನ್ ಕೊಟ್ಟರೂ ನಿಮಿಷದಲ್ಲಿ ಮುಗಿಸುತ್ತಾರೆ. ಗ್ರಾಫ್ ಮುಂದೆ ಕೂತಾಗ ಮಾತ್ರ ಏನೋ ಆಗುತ್ತದೆ.

ಎಕ್ಸ್ ಕ್ಯೂಬ್ ಮೈನಸ್ 3ಎಕ್ಸ್ ತೆಗೆದುಕೊಳ್ಳಿ. ಡಬಲ್ ಡ್ಯಾಶ್ 6ಎಕ್ಸ್, ಎಡದಿಂದ ಬಲಕ್ಕೆ ಏರುತ್ತಲೇ ಹೋಗುವ ನೇರ ಗೆರೆ. ಫಂಕ್ಷನ್ ಏನು ಮಾಡುತ್ತದೆ? ಎಕ್ಸ್ ಮೈನಸ್ 1 ಆಗುವ ತನಕ ಏರಿ 2 ಮುಟ್ಟುತ್ತದೆ, ಅಲ್ಲಿಂದ ಇಳಿದು ಎಕ್ಸ್ 1 ಆದಾಗ ಮೈನಸ್ 2ಕ್ಕೆ ಬರುತ್ತದೆ, ಆಮೇಲೆ ಮತ್ತೆ ಏರುತ್ತದೆ. ಗೆರೆ ಏರುತ್ತಿದೆ ಅನ್ನೋದರಿಂದ ಇದ್ಯಾವುದೂ ಸಿಗಲ್ಲ. ಗೆರೆಯಲ್ಲಿ ಮೊದಲು ನೋಡಬೇಕಾದ್ದು ಒಂದೇ: ಅದು ಎಕ್ಸ್ ಆಕ್ಸಿಸ್‌ಗಿಂತ ಮೇಲಿದೆಯಾ, ಕೆಳಗಿದೆಯಾ. ಮೇಲಿದ್ದರೆ ಫಂಕ್ಷನ್‌ನ ಸ್ಲೋಪ್, ಅಂದರೆ ಅದು ಏರುವ ಇಲ್ಲವೇ ಇಳಿಯುವ ದರ (ಇದೇ ಸಿಂಗಲ್ ಡ್ಯಾಶ್), ಹೆಚ್ಚುತ್ತಿದೆ. ಕೆಳಗಿದ್ದರೆ ಸ್ಲೋಪ್ ಕಡಿಮೆಯಾಗುತ್ತಿದೆ. ಸ್ಲೋಪ್ ಹೆಚ್ಚುತ್ತಿದೆ ಅಂದರೆ ಫಂಕ್ಷನ್ ಏರುತ್ತಿದೆ ಅಂತಲ್ಲ. ಮೈನಸ್ 3 ಇದ್ದದ್ದು ಮೈನಸ್ 1 ಆದರೂ ಹೆಚ್ಚಿದ ಹಾಗೇ, ಆದರೆ ಫಂಕ್ಷನ್ ಇನ್ನೂ ಇಳಿಯುತ್ತಲೇ ಇದೆ.

ನಂಬಿಕೆ ಬರಲಿಲ್ಲವಾದರೆ ಎಕ್ಸ್ ಕ್ಯೂಬ್, ಎಕ್ಸ್ ಕ್ಯೂಬ್ ಪ್ಲಸ್ 3ಎಕ್ಸ್, ಇವೆರಡನ್ನೂ ಪಕ್ಕಕ್ಕೆ ಬರೆದುಕೊಳ್ಳಿ. ಮೂರಕ್ಕೂ ಡಬಲ್ ಡ್ಯಾಶ್ ಅದೇ 6ಎಕ್ಸ್. ಎಕ್ಸ್ ಸೊನ್ನೆ ಆದಾಗ ಮೊದಲನೆಯದರ ಸ್ಲೋಪ್ ಮೈನಸ್ 3, ಎಕ್ಸ್ ಕ್ಯೂಬ್‌ದು 0, ಮೂರನೆಯದರದು 3. ಮೊದಲನೆಯದು ಏರಿ ಇಳಿದು ಏರುತ್ತದೆ, ಉಳಿದೆರಡು ಎಲ್ಲೂ ಇಳಿಯುವುದೇ ಇಲ್ಲ. ಹಾಗಾಗಿ ಡಬಲ್ ಡ್ಯಾಶ್ ಗ್ರಾಫ್ ಒಂದನ್ನೇ ಕೊಟ್ಟು ಫಂಕ್ಷನ್ ಎಲ್ಲಿ ಏರುತ್ತದೆ ಅಂತ ಯಾರಾದರೂ ಕೇಳಿದರೆ, ಯಾವುದಾದರೂ ಒಂದು ಜಾಗದಲ್ಲಿ ಸ್ಲೋಪ್ ಎಷ್ಟು ಅಂತ ವಾಪಸ್ ಕೇಳಿ. ಅದನ್ನು ಹೇಳದೆ ಸಾಮಾನ್ಯವಾಗಿ ಉತ್ತರ ಬರಲ್ಲ.

ಒಬ್ಬ ಹುಡುಗನ ತಂದೆ ಮಾರ್ಕ್ಸ್ ವಿಷಯಕ್ಕೆ ಜಗಳಕ್ಕೇ ಬಂದಿದ್ದರು. "ಗೆರೆ ಏರ್ತಾ ಇದೆ, ಇವನು ಏರ್ತಾ ಇದೆ ಅಂತ ಬರೆದಿದ್ದಾನೆ. ತಪ್ಪೇನು ಸಾರ್?" ಪಾಪ, ಪೇಪರ್ ಮಡಚಿ ಜೇಬಲ್ಲಿಟ್ಟುಕೊಂಡು ಬಂದಿದ್ದರು. ನಾನು ಕೇಳಿದೆ, "ಹಣದುಬ್ಬರ 6 ಪರ್ಸೆಂಟಿಂದ 5ಕ್ಕೆ ಇಳೀತು ಅಂತ ನ್ಯೂಸಲ್ಲಿ ಬಂದರೆ ನಿಮ್ಮ ದಿನಸಿ ಬಿಲ್ ಇಳಿಯುತ್ತಾ?" "ಎಲ್ಲಿ ಸಾರ್, ಜಾಸ್ತಿನೇ ಆಗುತ್ತೆ" ಅಂದರು. ಸರಾಸರಿ ಲೆಕ್ಕದಲ್ಲಿ ಅದೇ ವಿಷಯ: ಬೆಲೆ ಏರುತ್ತಲೇ ಇದೆ, ಏರುವ ವೇಗ, ಅಂದರೆ ಸ್ಲೋಪ್, ಮಾತ್ರ ಇಳಿದಿದೆ. ಅವರಿಗೆ ತಕ್ಷಣ ಹೊಳೆಯಿತು, ಮಗ ಇನ್ನೂ ಪೇಪರನ್ನೇ ನೋಡುತ್ತಿದ್ದ.

ಇನ್ನೊಂದು ಅಭ್ಯಾಸವೂ ಇದೆ. ಡಬಲ್ ಡ್ಯಾಶ್ ಸೊನ್ನೆ ಆದ ಕೂಡಲೇ ಇನ್‌ಫ್ಲೆಕ್ಷನ್ ಪಾಯಿಂಟ್ (ಫಂಕ್ಷನ್‌ನ ಬಾಗು ಬದಲಾಗುವ ಜಾಗ) ಅಂತ ಬರೆದು ಗೆರೆ ಎಳೆದುಬಿಡುತ್ತಾರೆ. ಡಬಲ್ ಡ್ಯಾಶ್ ಗ್ರಾಫ್ ಆಕ್ಸಿಸ್ ದಾಟಿ ಆ ಕಡೆ ಹೋಗಬೇಕು, ಸುಮ್ನೆ ಮುಟ್ಟಿ ವಾಪಸ್ ಬಂದರೆ ಆಗಲ್ಲ. ಎಕ್ಸ್‌ನ ನಾಲ್ಕನೇ ಘಾತವನ್ನೇ ನೋಡಿ: ಡಬಲ್ ಡ್ಯಾಶ್ 12 ಎಕ್ಸ್ ಸ್ಕ್ವೇರ್, ಸೊನ್ನೆಯಲ್ಲಿ ಮುಟ್ಟಿ ಮೇಲಕ್ಕೇ ಹೋಗುತ್ತದೆ, ಬಾಗು ಬದಲಾಗುವುದಿಲ್ಲ. ಅಲ್ಲಿರುವುದು ಮಿನಿಮಮ್.

"ಹಾಗಾದ್ರೆ ಇದರಿಂದ ಉಪಯೋಗ ಏನು ಸಾರ್?" ಅಂತ ಹಿಂದಿನ ಬೆಂಚಿನಿಂದ ಪ್ರತಿ ವರ್ಷ ಕೇಳುತ್ತಾರೆ, ನನಗೆ ಇಷ್ಟದ ಪ್ರಶ್ನೆ ಅದು. ಸ್ಲೋಪ್ ಸೊನ್ನೆ ಆಗುವ ಜಾಗ ಗೊತ್ತಿದ್ದರೆ ಅಲ್ಲಿ ಡಬಲ್ ಡ್ಯಾಶ್ ಪಾಸಿಟಿವ್ ಇದೆಯಾ ನೋಡಿ, ಇದ್ದರೆ ಮಿನಿಮಮ್, ನೆಗೆಟಿವ್ ಇದ್ದರೆ ಮ್ಯಾಕ್ಸಿಮಮ್. ಮೊದಲಿನ ಲೆಕ್ಕದಲ್ಲಿ 1ರಲ್ಲಿ ಅದು 6, ಮೈನಸ್ 1ರಲ್ಲಿ ಮೈನಸ್ 6. ಅದೂ ಸೊನ್ನೆ ಬಂದರೆ ಅಲ್ಲೇ ತಲೆ ಕೆಡಿಸಿಕೊಳ್ಳಬೇಡಿ, ಸಿಂಗಲ್ ಡ್ಯಾಶ್‌ಗೆ ವಾಪಸ್ ಬಂದು ಎಡಕ್ಕೂ ಬಲಕ್ಕೂ ಅದರ ಚಿಹ್ನೆ ನೋಡಿ.