ಕಲೆ ಬಿದ್ದಲ್ಲೇ ಬಿರುಕಿರುವುದಿಲ್ಲ

ಮೊದಲ ಜೋರು ಮಳೆ ಸುರಿದ ಮರುದಿನ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ‘ನಡುಕೋಣೆಯಲ್ಲಿ ಸೋರುತ್ತಿತ್ತು. ಅದರ ನೇರಕ್ಕೆ ತಾರಸಿಯ ಮೇಲೆ ಸಿಮೆಂಟ್ ಮೆತ್ತಿಸಿದೆವು. ಆದರೂ ನಿಂತಿಲ್ಲ.’ ನಿಲ್ಲುವುದೂ ಇಲ್ಲ. ತಾರಸಿಯೊಳಗೆ ಹೊಕ್ಕ ನೀರು ನೆಟ್ಟಗೆ ಕೆಳಗಿಳಿಯುವುದು ಅಪರೂಪ. ಮೇಲ್ಪದರದ ಗಾರೆಗೂ ಸ್ಲ್ಯಾಬಿಗೂ ನಡುವೆ ಅದು ಅಡ್ಡಡ್ಡ ಹರಿದು, ಎಲ್ಲಿ ಟೊಳ್ಳಿದೆಯೋ ಅಲ್ಲಿಂದ ತೊಟ್ಟಿಕ್ಕುತ್ತದೆ. ಸ್ಲ್ಯಾಬಿನಲ್ಲಿ ಹುದುಗಿರುವ ವಿದ್ಯುತ್ ತಂತಿಯ ಪೈಪು ಅದಕ್ಕೆ ಸಿದ್ಧವಾಗಿರುವ ದಾರಿ.

ಒಂದು ಮನೆಯಲ್ಲಿ ಫ್ಯಾನಿನ ಬುಡದ ಸುತ್ತ ತಟ್ಟೆಯಗಲದ ಹಳದಿ ಕಲೆ ಬಿದ್ದಿತ್ತು. ಎರಡು ಸಲ ಬಣ್ಣ ಬಳಿಸಿದ್ದರು. ಮೇಲೆ ಹೋಗಿ ನೋಡಿದರೆ ಆ ಜಾಗದಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ತಾರಸಿಯನ್ನು ಗಾರೆಯ ಸಣ್ಣ ಒಡ್ಡುಗಳಿಂದ ನಾಲ್ಕು ಪಾಲು ಮಾಡಿ, ಒಂದೊಂದರಲ್ಲಿ ಎರಡು ಬೆರಳು ನೀರು ನಿಲ್ಲಿಸಿ ಒಂದೊಂದು ದಿನ ಕಾದೆವು. ಮೂರನೆಯ ಪಾಲಿಗೆ ನೀರು ಬಿಟ್ಟ ಸಂಜೆ ಕಲೆ ಒದ್ದೆಯಾಯಿತು. ಫ್ಯಾನಿನಿಂದ ಹನ್ನೆರಡು ಅಡಿ ದೂರದ ಮೂಲೆಯಲ್ಲಿ, ಮಳೆನೀರಿನ ಪೈಪಿನ ಬಾಯಿಯ ಸುತ್ತ ಗಾರೆ ಉಗುರು ತೂರುವಷ್ಟು ಬಿಟ್ಟುಕೊಂಡಿತ್ತು. ದುರಸ್ತಿಗೆ ಅರ್ಧ ದಿನ ಸಾಕಾಯಿತು. ಹುಡುಕಲು ಹಿಡಿದದ್ದು ಮೂರು ದಿನ. ಆ ಮೂರು ದಿನದ ತಾಳ್ಮೆಯನ್ನೇ ನಾನು ಎಲ್ಲರಲ್ಲೂ ಬೇಡುವುದು.

ಈ ಪರೀಕ್ಷೆಗೆ ಒಂದು ಎಚ್ಚರಿಕೆ ಅಗತ್ಯ. ಐದು ಸೆಂಟಿಮೀಟರ್ ನೀರು ನಿಂತರೆ ಪ್ರತಿ ಚದರ ಮೀಟರಿಗೆ 50 ಕಿಲೋ ಭಾರ ಬೀಳುತ್ತದೆ. ಕೆಳಗೆ ಕಾಂಕ್ರೀಟ್ ಚಕ್ಕೆ ಉದುರಿ, ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ನೀರು ನಿಲ್ಲಿಸಲೇಬೇಡಿ. ಮೊದಲು ಎಂಜಿನಿಯರ್ ನೋಡಲಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಅದಕ್ಕೇ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ.

ಹುಡುಕುವಾಗ ತಾರಸಿಯ ನಟ್ಟನಡುವನ್ನು ಕೊನೆಗೆ ಇಟ್ಟುಕೊಳ್ಳಿ. ಪೈಪಿನ ಬಾಯಿ, ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆ, ನೀರಿನ ಟ್ಯಾಂಕಿನ ಕಾಲುಗಳ ಬುಡ, ಎರಡು ವಸ್ತುಗಳು ಸೇರುವ ಕಡೆಗಳನ್ನು ಮೊದಲು ನೋಡಿ. ಅಲ್ಲಿಗೆ ಬರಿಯ ಸಿಮೆಂಟ್ ಏಕೆ ಸಾಲದು? ಹತ್ತು ಮೀಟರ್ ಉದ್ದದ ಸ್ಲ್ಯಾಬಿನ ಉಷ್ಣತೆ 30 ಡಿಗ್ರಿಯಷ್ಟು ಏರಿದರೆ ಅದು ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಹೀಗೆ ಅಲುಗಾಡುವ ಬಿರುಕಿಗೆ ತುಂಬಿದ ಸಿಮೆಂಟ್ ಮತ್ತೆ ಬಾಯಿ ಬಿಡುತ್ತದೆ. ಬಿರುಕನ್ನು ವಿ ಆಕಾರಕ್ಕೆ ಕೊರೆದು, ದೂಳು ತೆಗೆದು, ಪೂರ್ತಿ ಒಣಗಿಸಿ, ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಸೀಲಂಟ್ ತುಂಬಬೇಕು. ಗೋಡೆಯ ಬುಡದ ಮೂಲೆಯನ್ನು ಗಾರೆಯಿಂದ ಬಾಗಿಸಿ ನುಣುಪು ಮಾಡಿ, ವಾಟರ್‌ಪ್ರೂಫಿಂಗ್ ಪದರವನ್ನು ಗೋಡೆಯ ಮೇಲೂ ಗೇಣುದ್ದ ಏರಿಸಬೇಕು.

ಶೀಟಿನ ಮನೆಯಾದರೆ ಬೋಲ್ಟಿನ ಕೆಳಗಿನ ರಬ್ಬರ್ ವಾಷರ್ ಒಣಗಿ ಸೀಳಿರುತ್ತದೆ. ಹೆಂಚಿನ ಮನೆಯಲ್ಲಿ ಜಾರಿದ ಹೆಂಚು, ನೆತ್ತಿಯ ಹೆಂಚಿನ ಗಾರೆ ನೋಡಿಕೊಳ್ಳಿ.

ನಡುಮಳೆಯಲ್ಲಿ ದುರಸ್ತಿಯ ಮಾತೇ ಬೇಡ. ಒದ್ದೆಯಾದ ಸ್ಲ್ಯಾಬಿನ ಮೇಲೆ ಬಳಿದದ್ದು ಬಿಸಿಲು ಬಂದಾಗ ಗುಳ್ಳೆಯೆದ್ದು ಸುಲಿದು ಬರುತ್ತದೆ. ಪಾಚಿಗಟ್ಟಿದ ಛಾವಣಿ ಹತ್ತಬೇಡಿ, ಜಾರಿ ಬಿದ್ದವರನ್ನು ನಾನು ಕಂಡಿದ್ದೇನೆ. ದೀಪ ಅಥವಾ ಫ್ಯಾನಿನ ಬಳಿ ತೊಟ್ಟಿಕ್ಕುತ್ತಿದ್ದರೆ ಮೊದಲು ಮೈನ್ ಸ್ವಿಚ್ ಆರಿಸಿ. ಒಳಛಾವಣಿಯ ಬಣ್ಣ ನೀರು ತುಂಬಿ ಜೋತುಬಿದ್ದಿದ್ದರೆ ಕೆಳಗೆ ಬಕೆಟ್ ಇಟ್ಟು ಸೂಜಿಯಿಂದ ಚುಚ್ಚಿಬಿಡಿ. ಇಲ್ಲದಿದ್ದರೆ ನೀರು ಹರಡಿ ಇನ್ನಷ್ಟು ಗಾರೆ ಸಡಿಲವಾಗುತ್ತದೆ.

ಕೆಳಗಿನಿಂದ ಬಣ್ಣ ಬಳಿಸುವುದನ್ನು ಮಾತ್ರ ದಯವಿಟ್ಟು ಮುಂದೂಡಿ. ಮೇಲಿನ ಕೆಲಸ ಮುಗಿದು, ನೀರು ನಿಲ್ಲಿಸಿ ಮತ್ತೊಮ್ಮೆ ಪರೀಕ್ಷಿಸಿದ ಮೇಲೂ ಒಳಗಿನ ತೇವ ಆರಲು ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆದಿಡಿ. ನಾಲ್ಕಾರು ಜೋರು ಮಳೆಗಳಾದರೂ ಕಲೆ ಆ ಗೆರೆ ದಾಟದಿದ್ದರೆ ಬಣ್ಣದವರನ್ನು ಕರೆಯಬಹುದು.